ಮನಸ್ಸಾಕ್ಷಿಯೂ ನೆರೆಯವನ ಪ್ರಾಣವೂ

ಈ ತಿಂಗಳಿನ ಪಾಠಕ್ಕಾಗಿ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯವನ್ನು ಆರಿಸಿಕೊಂಡಿದ್ದೇವೆ. ಮೊದಲು ಅದನ್ನು ಮನೆಯವರೆಲ್ಲರೂ ಕೇಳುವಂತೆ ಗಟ್ಟಿಯಾಗಿ ಓದಿರಿ. ಮಾಂಸ ತಿನ್ನುವವನಿಗೂ ಕಾಯಿಪಲ್ಯ ಮಾತ್ರ ತಿನ್ನುವವನಿಗೂ ಉಂಟಾದ ವಾಗ್ವಾದವನ್ನು ಪೌಲನು ಅಲ್ಲಿ ವಿಚಾರಿಸುತ್ತಾನೆ. ನಮ್ಮಲ್ಲಿ ಆ ವಾಗ್ವಾದವಿಲ್ಲ. ಆದರೆ 2021ನೆಯ ಇಸವಿಯಲ್ಲಿ ಕೊರೋನ ಲಸಿಕೆಯನ್ನು ಹಾಕಿಸಿಕೊಂಡವರೂ ಹಾಕಿಸಿಕೊಳ್ಳದವರೂ ಒಂದೇ ಚಾಪೆಯ ಮೇಲೆ ಕೂತುಕೊಳ್ಳಲಾರದೆ ಹೋದದ್ದನ್ನು ಕಣ್ಣಾರೆ ಕಂಡೆವು. ನನ್ನ ಶರೀರದ ಮೇಲೆ ಸರಕಾರಕ್ಕೇನು ಅಧಿಕಾರವೆಂದು ಕೆಲವರು. ಇವರಿಂದ ನಮ್ಮ ಮಕ್ಕಳಿಗೆ ಅಪಾಯ, ಕರ್ತನ ಭೋಜನಕ್ಕೆ ಇವರನ್ನು ಸೇರಿಸಬಾರದೆಂದು ಬೇರೆ ಕೆಲವರು. ಎರಡು ಪಕ್ಷದವರ ಕೈಯಲ್ಲಿಯೂ ಸತ್ಯವೇದವಿತ್ತು.

ಈ ವ್ಯಾಜ್ಯವು ಹೊಸದಲ್ಲ. ಅಮೇರಿಕ ದೇಶದ ಮೆಸಾಚುಸೆಟ್ಸ್ ಪ್ರಾಂತದ ಕೇಂಬ್ರಿಜ್ ಪಟ್ಟಣದಲ್ಲಿ 1902ರಲ್ಲಿ ಸಿಡುಬು ಹಬ್ಬಿದಾಗ, 1897ರಿಂದೀಚೆಗೆ ದೇವಿ ಹಾಕಿಸಿಕೊಳ್ಳದವರೆಲ್ಲರೂ ಹಾಕಿಸಿಕೊಳ್ಳತಕ್ಕದ್ದೆಂದು ಆರೋಗ್ಯ ಮಂಡಲಿಯವರು ಅಪ್ಪಣೆ ಹೊರಡಿಸಿದರು. (ಸಿಡುಬನ್ನು ದೇವಿಯೆಂದು ಹೆದರಿದ ನಾಡಿನಲ್ಲಿ ಅದನ್ನು ತಡೆಯುವ ಉಪಾಯಕ್ಕೂ ಆ ಹೆಸರೇ ಅಂಟಿಕೊಂಡಿತು. ಹಿರಿಯರ ಮಾತೆಂದು ನಾವೂ ಹಾಗೆಯೇ ಬರೆದಿದ್ದೇವೆ, ಯಾರೂ ಬೇಸರಪಡಬಾರದು.) ಹೆನಿಂಗ್ ಜೇಕಬ್ಸನ್ ಎಂಬವರು ಒಪ್ಪಲಿಲ್ಲ. ಅವರು ನಾಸ್ತಿಕರಲ್ಲ, ಪುಂಡರಲ್ಲ. ಸ್ವೀಡನ್ ದೇಶದಿಂದ ಬಂದು ಲುಥರನ್ ಸಭೆಯೊಂದಕ್ಕೆ ಪಾಲಕರಾಗಿದ್ದವರು. ಬಾಲ್ಯದಲ್ಲಿ ದೇವಿ ಹಾಕಿದ್ದರಿಂದ ತಾನು ಬಹು ಕಷ್ಟಪಟ್ಟೆನೆಂದೂ ತನ್ನ ಮಗನಿಗೂ ಕೇಡಾಯಿತೆಂದೂ ಅವರು ಹೇಳಿದರು. ಅವರನ್ನು ಹಿಡಿದು ಕಟ್ಟಿ ಚುಚ್ಚಲಿಲ್ಲ. 5 ಡಾಲರು ದಂಡ ವಿಧಿಸಿದರು. ಮೊಕದ್ದಮೆಯು ಆ ದೇಶದ ಶ್ರೇಷ್ಠ ನ್ಯಾಯಸ್ಥಾನದ ವರೆಗೆ ಹೋಯಿತು. 1905ರಲ್ಲಿ ಏಳು ಮಂದಿ ನ್ಯಾಯಾಧಿಪತಿಗಳು ಪಾಲಕರಿಗೆ ವಿರೋಧವಾಗಿಯೂ ಇಬ್ಬರು ಬೇರೆಯಾಗಿಯೂ ನಿಂತರು. ಒಬ್ಬೊಬ್ಬನು ತನ್ನ ಇಷ್ಟದಂತೆ ನಡೆದು ನೆರೆಯವನಿಗೆ ಹಾನಿಮಾಡುವದು ಸ್ವಾತಂತ್ರ್ಯವಲ್ಲ, ಜಾಡ್ಯ ಬಂದಾಗ ಜನಸಮೂಹವು ತನ್ನನ್ನು ರಕ್ಷಿಸಿಕೊಳ್ಳಬಹುದು ಎಂಬದೇ ತೀರ್ಪಿನ ಸಾರ. ಯಾವನಿಗಾದರೂ ದೇಹಸ್ಥಿತಿಯಿಂದ ಅದು ಕ್ರೂರವಾಗಿ ಪರಿಣಮಿಸುವದಾದರೆ ನ್ಯಾಯಸ್ಥಾನವು ಅಡ್ಡ ಬರಬಹುದೆಂದೂ ಅದರಲ್ಲಿ ಸೂಚಿಸಲ್ಪಟ್ಟಿತು.

ಈ ತೀರ್ಪು ಬಹಳ ಮಟ್ಟಿಗೆ ನ್ಯಾಯವೆಂದೇ ನಮಗೆ ತೋರುತ್ತದೆ. ಆದರೂ ಅದರ ಮುಂದಿನ ಕಥೆ ಭಯಂಕರವಾದದ್ದು. 1927ರಲ್ಲಿ ವರ್ಜೀನಿಯ ಪ್ರಾಂತದವರು ಬುದ್ಧಿಹೀನಳೆಂದು ಹೆಸರಿಟ್ಟ ಒಬ್ಬ ಯುವತಿಯನ್ನು ಬಲವಂತವಾಗಿ ಬಂಜೆಯಾಗಿ ಮಾಡುವದಕ್ಕೆ ಅದೇ ನ್ಯಾಯಸ್ಥಾನವು ಒಪ್ಪಿಗೆ ಕೊಟ್ಟು, ಆ ದೇವಿಯ ತೀರ್ಪನ್ನೇ ಆಧಾರವಾಗಿ ತೋರಿಸಿತು. ಐದು ಡಾಲರು ದಂಡಕ್ಕೆ ಹೇಳಿದ ನ್ಯಾಯವು ಹೆಣ್ಣುಮಗಳ ಗರ್ಭದ ವರೆಗೆ ಚಾಚಿತು! ಆದಕಾರಣ, ನನ್ನ ಶರೀರವೆಂದು ಕೂಗುವ ಸಹೋದರನನ್ನು ನೋಡಿ ನಗಬೇಡಿರಿ. ಇಂಗ್ಲೆಂಡಿನಲ್ಲಿಯೂ 1853ರ ಕಾಯಿದೆಯು ಕೂಸುಗಳಿಗೆ ದೇವಿ ಹಾಕಿಸಲು ತಂದೆತಾಯಿಗಳನ್ನು ಬಲವಂತಪಡಿಸಿತು. ಬಹಳ ಗಲಭೆಯಾದ ಮೇಲೆ 1898ರಲ್ಲಿ ಮನಸ್ಸಾಕ್ಷಿಯ ನಿಮಿತ್ತ ಒಪ್ಪದವರಿಗೆ ವಿನಾಯಿತಿಯು ದೊರೆಯಿತು.

ಇತ್ತ ಸಿಡುಬಿನ ವಿಷಯವನ್ನೂ ಮರೆಯಬಾರದು. ಭಾರತದಲ್ಲಿ ಅದು 1975ರಲ್ಲಿ ನಿಂತಿತು. ಲೋಕದಿಂದಲೇ ತೊಲಗಿತೆಂದು 1980ರಲ್ಲಿ ಸಾರಲಾಯಿತು. ದೇವಿ ಹಾಕದೆ ಇದಾಗುತ್ತಿರಲಿಲ್ಲ. ಆ ಕಡೆಯ ವರುಷಗಳಲ್ಲಿ ಕೆಲವು ಕಡೆ ರಾತ್ರಿಯಲ್ಲಿ ಮನೆಗಳ ಬಾಗಲು ಮುರಿದು, ಅಳುವವರನ್ನು ಅದುಮಿ ಹಿಡಿದು ಚುಚ್ಚಿದ್ದೂ ಉಂಟು.

ಹೀಗಿರಲಾಗಿ ಯಾವದನ್ನು ನೋಡಿ ನಿರ್ಣಯಿಸಬೇಕು? ಪೌಲನು ಒಬ್ಬೊಬ್ಬನು ತನ್ನ ಮನಸ್ಸಿನಲ್ಲಿ ದೃಢವಾಗಿರಲಿ ಎಂಬದನ್ನು ಹೇಳಿ ನಿಲ್ಲಿಸುವದಿಲ್ಲ. ನಿನ್ನ ನಡತೆಯಿಂದ ಸಹೋದರನಿಗೆ ಏನಾಗುತ್ತದೆಂದು ಕೂಡಲೇ ಕೇಳುತ್ತಾನೆ. ಸಿಡುಬಿನ ಮದ್ದು ಹಾಕಿಸಿಕೊಂಡವನನ್ನಲ್ಲದೆ ನೆರೆಯವನನ್ನೂ ಕಾಯುತ್ತಿತ್ತು. ಕೊರೋನ ಲಸಿಕೆಯು ಕಠಿಣ ರೋಗದಿಂದಲೂ ಮರಣದಿಂದಲೂ ಬಹು ಜನರನ್ನು ತಪ್ಪಿಸಿತು; ಒಬ್ಬರಿಂದೊಬ್ಬರಿಗೆ ಹರಡುವದನ್ನು ಮಾತ್ರ ಅಷ್ಟು ಬಲವಾಗಿ ತಡೆಯಲಿಲ್ಲ. ನಮ್ಮ ದೇಶದ ಸುಪ್ರೀಂ ಕೋರ್ಟು 2022ರ ಮೇ 2ರಲ್ಲಿ ಈ ಭೇದವನ್ನೇ ಗಮನಿಸಿತು: ಯಾರನ್ನೂ ಬಲವಂತದಿಂದ ಚುಚ್ಚಕೂಡದು, ಜನಹಿತಕ್ಕಾಗಿ ಅಳತೆಗೆ ತಕ್ಕ ನಿರ್ಬಂಧಗಳನ್ನು ಸರಕಾರವು ಇಡಬಹುದು, ಆದರೆ ಹಾಕಿಸಿಕೊಳ್ಳದವರಿಂದಲೇ ಹೆಚ್ಚಾಗಿ ಹರಡುತ್ತದೆಂಬದಕ್ಕೆ ಆಧಾರ ಕೊಡದಿದ್ದದರಿಂದ ಆಗಿನ ನಿರ್ಬಂಧಗಳು ಅಳತೆ ಮೀರಿದವು ಎಂದಿತು. ನಾವಂತೂ ಲಸಿಕೆಯನ್ನು ಹಾಕಿಸಿಕೊಂಡೆವು, ಇತರರಿಗೂ ಹಾಗೆಯೇ ಬುದ್ಧಿ ಹೇಳಿದೆವು.

ನಮ್ಮ ಸಭೆಯಲ್ಲಿ ಒಪ್ಪದ ವೃದ್ಧನೊಬ್ಬನು ತಾನಾಗಿಯೇ, ಜಾಡ್ಯ ಇಳಿಯುವ ತನಕ ಜಗಲಿಯ ಮೇಲೆ ಕೂತಿರುವೆನೆಂದನು. ರೊಟ್ಟಿಯನ್ನೂ ಪಾತ್ರೆಯನ್ನೂ ಅಲ್ಲಿಗೆ ಒಯ್ದು ಕೊಟ್ಟೆವು. ಜಾಡ್ಯವು ಇಳಿಯಿತು. ಆತನನ್ನು ಒಳಗೆ ಬಾ ಎಂದು ಕರೆಯುವದಕ್ಕೆ ಯಾರಿಗೂ, ಉಪದೇಶಕರಾದ ನಮಗೂ, ನೆನಪಾಗಲಿಲ್ಲ. ಕುಷ್ಠರೋಗಿಯು ಪಾಳೆಯದ ಹೊರಗಿರಬೇಕೆಂದು ಯಾಜಕಕಾಂಡದ 13ನೆಯ ಅಧ್ಯಾಯದಲ್ಲಿ ಓದಿದ್ದೆವು. ಯಾಜಕನು ತಾನೇ ಹೊರಗೆ ಹೋಗಿ ಅವನನ್ನು ನೋಡಬೇಕೆಂದು 14ನೆಯದರಲ್ಲಿ ಇರುವದನ್ನು ದಾಟಿ ಹೋಗಿದ್ದೆವು. ಕಡೆಗೆ 2022ರ ಮಳೆಗಾಲದಲ್ಲಿ, ಅದೇ ಜಾಡ್ಯದಲ್ಲಿ ಹೆಂಡತಿಯನ್ನು ಕಳಕೊಂಡ ನಮ್ಮ ಹಿರಿಯರೊಬ್ಬರು ಎದ್ದು ಜಗಲಿಗೆ ಹೋಗಿ, "ಮಳೆ ಎರಚುತ್ತದೆ, ಒಳಗೆ ಬಾರಪ್ಪಾ" ಎಂದರು.

ಮುಂದಿನ ಪಾಠಕ್ಕೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8ನೆಯ ಅಧ್ಯಾಯವನ್ನು ಓದಿಕೊಂಡು ಬರತಕ್ಕದ್ದು.