ಆ ಹುಲಿ ಎಲ್ಲಿಯದು, ಯಾವಾಗಿನದು?

ಪ್ರಶ್ನೆ: ಪೆಂಚ್ ಸಫಾರಿಗೆ ಹೋದಾಗ ಮರಗಳಿಗೆ ಕಟ್ಟಿದ ಕ್ಯಾಮೆರಾಗಳನ್ನು ಕಂಡೆವು. ಅವು ತೆಗೆಯುವ ಲಕ್ಷಾಂತರ ಫೋಟೋಗಳ ಲೆಕ್ಕ ಇಡುವುದು ಹೇಗೆ?
– ಓದುಗರು, ನಾಗಪುರ

ಉತ್ತರ: ಲಕ್ಷಗಳಲ್ಲ, ಕೋಟಿಗಳು. 2018ರ ಅಖಿಲ ಭಾರತ ಹುಲಿಗಣತಿಗೆ 26,838 ಕಡೆ ಕ್ಯಾಮೆರಾ ಇಟ್ಟರು; ಬಂದ ಚಿತ್ರಗಳು 3,48,58,623. ಹುಲಿಯವು 76,651 ಮಾತ್ರ. ಇವುಗಳ ಲೆಕ್ಕ ನಿಲ್ಲುವುದು ಜೊತೆಗಿರುವ ಮೆಟಾಡೇಟಾ ಕಡತದ ಮೇಲೆ: ಯಾವ ಕ್ಯಾಮೆರಾ, ಯಾವ ಜಾಗ, ಯಾವ ದಿನ, ಎಷ್ಟು ಗಂಟೆ.

ದಿನ, ಗಂಟೆಯನ್ನು ಕ್ಯಾಮೆರಾವೇ ಚಿತ್ರದೊಳಗೆ ಬರೆದಿಡುತ್ತದೆ. ಜಾಗವನ್ನು ಸಾಮಾನ್ಯವಾಗಿ ಸಿಬ್ಬಂದಿ ಜಿಪಿಎಸ್ ನೋಡಿ ಬರೆದುಕೊಳ್ಳಬೇಕು. ಕಡತದ ಹೆಸರನ್ನಂತೂ ನಂಬುವಂತಿಲ್ಲ. ಒಂದೇ ಹೆಸರಿನ ಚಿತ್ರ ಹತ್ತಾರು ಮೆಮೊರಿ ಕಾರ್ಡ್‌ಗಳಲ್ಲಿರುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ ಒಂದರ ಮೇಲೊಂದು ಕೂತು ಅಳಿಸಿಹೋದಾವು. ಬ್ಯಾಟರಿ ಬದಲಿಸುವಾಗ ಗಡಿಯಾರ ಹಳೆಯ ತಾರೀಖಿಗೆ ಜಾರುವುದೂ ಉಂಟು. ಅದಕ್ಕೇ ಕ್ಯಾಮೆರಾ ಕಟ್ಟಿದೊಡನೆ ತಾರೀಖು, ಸಮಯ, ಕ್ಯಾಮೆರಾ ಸಂಖ್ಯೆ ಬರೆದ ಫಲಕವನ್ನು ಅದರ ಮುಂದೆ ಹಿಡಿಯುವುದು ಒಳ್ಳೆಯದು. ತಪ್ಪು ಸಿಕ್ಕರೆ ತಿದ್ದುಪಡಿಗೆ ಬೇರೆ ಕಾಲಂ ಇರಲಿ, ಮೂಲವನ್ನು ಮುಟ್ಟಬಾರದು.

ನನ್ನ ಮಟ್ಟಿಗೆ ಅತಿ ಮುಖ್ಯವಾದ ಕಾಲಂ ಫೋಟೋ ಬಾರದ ದಿನಗಳದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ರೂಢಿಗೆ ತಂದು 1995ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಪಟ್ಟೆಗಳಿಂದ ಪ್ರತಿ ಹುಲಿಯನ್ನೂ ಗುರುತಿಸಿ, ಅದು ಮತ್ತೆ ಎಷ್ಟು ಸಲ ಸಿಕ್ಕಿತು ಎಂಬುದರಿಂದ ಕಾಣದೆ ಉಳಿದ ಹುಲಿಗಳನ್ನೂ ಅಂದಾಜಿಸುತ್ತಾರೆ. ಕ್ಯಾಮೆರಾ ಎಚ್ಚರವಿದ್ದೂ ಹುಲಿ ಬಾರದಿದ್ದರೆ ಅದು ಮಾಹಿತಿ. ಬ್ಯಾಟರಿ ಸತ್ತೋ, ಆನೆ ಒಡೆದೋ ಕ್ಯಾಮೆರಾ ನಿಂತಿದ್ದರೆ ಆ ರಾತ್ರಿಯ ಬಗ್ಗೆ ಏನನ್ನೂ ಹೇಳಲಾಗದು. ಕಡತದಲ್ಲಿ ಎರಡಕ್ಕೂ ಸೊನ್ನೆ ಬರೆದರೆ ಅಂದಾಜೇ ಕೆಡುತ್ತದೆ.

ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನಂತಿರುವುದಿಲ್ಲ. ಹಾಗಾಗಿ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಇಡುತ್ತಾರೆ. ಯಾವ ಎರಡು ಚಿತ್ರ ಒಂದೇ ಕ್ಷಣದವು ಎಂದು ಸಮಯ ನೋಡಿಯೇ ಜೋಡಿಸಬೇಕು. ಎರಡು ಗಡಿಯಾರ ಹೊಂದದಿದ್ದರೆ ಒಂದು ಹುಲಿ ಎರಡಾದೀತು.

ನಿಮ್ಮ ಪೆಂಚ್‌ನಲ್ಲಿ ಇನ್ನೊಂದು ತೊಡಕಿದೆ. ಕಾಡು ನಾಗಪುರ ಜಿಲ್ಲೆಯಿಂದ ಮಧ್ಯಪ್ರದೇಶದ ಸಿವನಿ, ಛಿಂದ್ವಾಡಾ ಕಡೆಗೂ ಹಬ್ಬಿದೆ. ಹುಲಿಗೆ ರಾಜ್ಯದ ಗಡಿಯಿಲ್ಲ, ಕಡತಗಳಿಗಿದೆ. ಒಂದು ಕಡೆ 03/04 ಎಂದರೆ ಏಪ್ರಿಲ್, ಇನ್ನೊಂದು ಕಡೆಯ ಕಂಪ್ಯೂಟರಿಗೆ ಅದೇ ಮಾರ್ಚ್ ಆದರೆ ಎರಡನ್ನೂ ಕೂಡಿಸುವವರ ಪಾಡು ಹೇಳತೀರದು. ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮವನ್ನು ಕ್ಯಾಮೆರಾ ಕಟ್ಟುವ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು.