ಗಡಿಯಾಚೆಯ ದಂತ ಚಿಕಿತ್ಸೆ: ಅಗ್ಗದ ಕ್ಯಾಪ್‌ನ ಒಳಲೆಕ್ಕ

ಮೆಕ್ಸಿಕೋದ ಲಾಸ್ ಅಲ್ಗೊಡೋನೆಸ್ 2010ರ ಜನಗಣತಿಯಂತೆ ಸುಮಾರು 5,500 ಜನರ ಗಡಿ ಪಟ್ಟಣ; ದಂತವೈದ್ಯರು ಮಾತ್ರ ನೂರಾರು. ಅಮೆರಿಕದ ಹಿರಿಯರ ಸರ್ಕಾರಿ ವಿಮೆಯಾದ ಮೂಲ ಮೆಡಿಕೇರ್, ಹಲ್ಲಿನ ಕ್ಯಾಪ್‌ನ ವೆಚ್ಚವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಆದ್ದರಿಂದ ಚಳಿಗಾಲ ಕಳೆಯಲು ಅರಿಜೋನಾದ ಯೂಮಾಕ್ಕೆ ಬರುವ ನಿವೃತ್ತರು ಗಡಿಯವರೆಗೆ ವಾಹನದಲ್ಲಿ ಬಂದು, ನಡೆದೇ ಆಚೆ ದಾಟುತ್ತಾರೆ. ಅಲ್ಲಿ ಬಾಡಿಗೆ, ವೇತನಗಳು ಕಡಿಮೆ. ಕ್ಯಾಪ್ ತಯಾರಿಸುವ ಲ್ಯಾಬ್‌ಗಳೂ ಊರಲ್ಲೇ ಇರುವುದರಿಂದ, ಅಳತೆ ಕೊಟ್ಟ ಕೆಲವೇ ದಿನಗಳಲ್ಲಿ ಕೆಲಸ ಮುಗಿಯುವುದೂ ಉಂಟು. ಉದ್ಯಮಿಗಳು ಗಮನಿಸಬೇಕಾದುದು ಈ ಸಾಮೀಪ್ಯವನ್ನೇ.

ಆದರೆ ಗಿರಾಕಿಯ ಲೆಕ್ಕ ದರಪಟ್ಟಿಯಲ್ಲಿಯೇ ಮುಗಿಯದು. ಕ್ಯಾಪ್‌ಗಾಗಿ ಉಜ್ಜಿ ತೆಗೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಊರಿಗೆ ಮರಳಿದ ಮೇಲೆ ಕ್ಯಾಪ್ ಸಡಿಲಗೊಂಡರೆ, ಬೇರೆಯವರ ಕೆಲಸವನ್ನು ಮುಟ್ಟಲು ಸ್ಥಳೀಯ ವೈದ್ಯರು ಹಿಂಜರಿಯಬಹುದು. ಖಾತರಿಪತ್ರವಿದ್ದರೂ ಮರುಪ್ರಯಾಣದ ಖರ್ಚು ಸಾಮಾನ್ಯವಾಗಿ ರೋಗಿಯದೇ. ಬಳಸಿದ ವಸ್ತು, ಸಿಮೆಂಟುಗಳ ವಿವರವನ್ನೂ ಎಕ್ಸ್‌ರೇ ಪ್ರತಿಯನ್ನೂ ಬಿಲ್ಲಿನೊಂದಿಗೇ ಕೇಳಿ ಪಡೆಯುವುದು ಅವಶ್ಯಕ.