ಪರಸಿ ನೆಲದ ಪಡಸಾಲೆಗೆ ಟವರ್ ಸ್ಪೀಕರ್

ಆಳಂದದ ಓದುಗರೇ, ಮೂರು ಲಕ್ಷ ಎತ್ತಿಟ್ಟಿದ್ದೀರಿ, ಸಂತೋಷ. ಅಂಗಡಿಗೆ ಹೋಗುವ ಮೊದಲು ನಿಮ್ಮ ಪಡಸಾಲೆಯಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಝಣ್ ಎಂದು ಮರುದನಿ ಬಂತೆ? ಹಾಗಾದರೆ ಎಂಥ ಸ್ಪೀಕರ್ ತಂದರೂ ಅಷ್ಟೇ. ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಕಡೆ ಶಹಾಬಾದ್ ಪರಸಿ ನೆಲ, ಬರಿಗೋಡೆ. ಕಾಲಿಗೆ ತಂಪು, ಕಿವಿಗೆ ಗದ್ದಲ. ದಪ್ಪ ಜಮಖಾನ ಹಾಸಿ, ಪುಸ್ತಕದ ಕಪಾಟು ಇಡಿ. ಗೋಡೆಗೆ ಕೌದಿ ತೂಗಿದರೂ ಆದೀತು, ಮನೆಯವರು ಒಪ್ಪಿದರೆ.

ನಿಮ್ಮ ಕೋಣೆ 14 ಅಡಿ ಉದ್ದ. ಅಂಥದ್ದು ಸುಮಾರು 40 ಹರ್ಟ್ಸ್‌ನಲ್ಲಿ ತಾನೇ ಗುಂಯ್‌ಗುಡುತ್ತದೆ. 30 ಹರ್ಟ್ಸ್‌ವರೆಗೆ ಇಳಿಯುವ ಭಾರೀ ಟವರ್ ಆ ಗುಂಯ್ಯನ್ನೇ ಬೆಳೆಸುತ್ತದೆ. ನೀವು ಕೇಳುವುದು ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಕಡಕೋಳ ಮಡಿವಾಳಪ್ಪನವರ ತತ್ವಪದ. ಗಂಡುದನಿಯ ತಂಬೂರಿಯ ಖರ್ಜದ ತಂತಿಯೂ 60 ಹರ್ಟ್ಸ್‌ಗಿಂತ ಕೆಳಗಿಳಿಯುವುದು ಅಪರೂಪ. 6.5 ಇಂಚಿನ ವೂಫರ್‌ಗಳ ಸಣ್ಣ ಟವರ್ ಸಾಕು. ಗೋಡೆಯಿಂದ ಎರಡಡಿ ಮುಂದೆ ನಿಲ್ಲಿಸಿ.

ಸೆನ್ಸಿಟಿವಿಟಿ ನೋಡಿ. 87 ಡೆಸಿಬೆಲ್‌ನದಕ್ಕಿಂತ 90ರದ್ದು ಅಷ್ಟೇ ಸದ್ದಿಗೆ ಅರ್ಧ ಶಕ್ತಿ ಬೇಡುತ್ತದೆ, ಆಂಪ್ಲಿಫೈಯರ್ ಖರ್ಚು ಇಳಿಯುತ್ತದೆ. ಉಳಿದ ಹಣದಲ್ಲಿ ಒಳ್ಳೆಯ ಸ್ಟೆಬಿಲೈಸರ್ ಕೊಳ್ಳಿ. ಬೇಸಿಗೆಯ ವೋಲ್ಟೇಜ್ ನಿಮಗೇ ಗೊತ್ತು.

ಕೇಳಿ ನೋಡಲು ಬೆಂಗಳೂರಿಗಿಂತ ಹೈದರಾಬಾದ್ ನಿಮಗೆ ಹತ್ತಿರ. ಅಂಗಡಿಯವರು ಹಾಕುವ ಧಡಧಡ ಹಾಡಿಗೆ ಮರುಳಾಗಬೇಡಿ. ನಿಮ್ಮದೇ ಪೆನ್‌ಡ್ರೈವ್ ಒಯ್ದು ವಿಲಂಬಿತ್ ಖ್ಯಾಲ್ ಹಾಕಿಸಿ: ಡಗ್ಗಾದ ಗಮಕ ಸ್ಪಷ್ಟವಾಗಿ ಬಿಡಿಸಿ ಕೇಳದಿದ್ದರೆ ಮುಂದಿನ ಜೋಡಿ ತೋರಿಸಲು ಹೇಳಿ.